ಕಾಂಕ್ರೀಟನ್ನು ಒಡೆಯದೆ ಅರಿಯುವುದು: ಅಲ್ಟ್ರಾಸಾನಿಕ್ ಪಲ್ಸ್ ವಿಧಾನವೋ, ಬೇರೆಯದೋ?

ಗಟ್ಟಿಗೊಂಡ ಕಾಂಕ್ರೀಟನ್ನು ಒಡೆಯದೆ ಪರೀಕ್ಷಿಸಲು ಇಂದು ಹಲವು ವಿಧಾನಗಳಿವೆ. ಅವುಗಳಲ್ಲಿ ಯಾವುದನ್ನು ಆರಿಸಬೇಕೆಂಬ ಚರ್ಚೆ ಬಹುಮಟ್ಟಿಗೆ ಕೈಯಲ್ಲಿರುವ ಉಪಕರಣದಿಂದ ಆರಂಭವಾಗುತ್ತದೆ. ಆರಂಭವಾಗಬೇಕಾದುದು ಎರಡು ಪ್ರಶ್ನೆಗಳಿಂದ. ಈ ಕಾಂಕ್ರೀಟಿನ ಬಗ್ಗೆ ನಿಖರವಾಗಿ ಏನನ್ನು ತಿಳಿಯಬೇಕಾಗಿದೆ ಎಂಬುದು ಮೊದಲನೆಯದು. ಆ ಭಾಗದ ಎಷ್ಟು ಮುಖಗಳು ನಮ್ಮ ಕೈಗೆ ಸಿಗುತ್ತವೆ ಎಂಬುದು ಎರಡನೆಯದು. ಈ ಎರಡಕ್ಕೂ ಸ್ಪಷ್ಟ ಉತ್ತರ ದೊರೆತರೆ ಆಯ್ಕೆಯ ಮುಕ್ಕಾಲು ಭಾಗ ಮುಗಿದಂತೆ.

ಅಲ್ಟ್ರಾಸಾನಿಕ್ ಪಲ್ಸ್ ವೇಗದ ಪರೀಕ್ಷೆಯನ್ನು ಈ ಬರಹದ ಕೇಂದ್ರದಲ್ಲಿಟ್ಟು, ಉಳಿದವನ್ನು ಅದರ ಪಕ್ಕದಲ್ಲಿ ನಿಲ್ಲಿಸಿ ನೋಡಲಾಗಿದೆ. ನನ್ನ ನಿಲುವನ್ನು ಮೊದಲೇ ಹೇಳುವುದಾದರೆ, ಒಂದೇ ಕಾಂಕ್ರೀಟಿನ ಒಂದು ಜಾಗವನ್ನು ಅದೇ ಕಾಂಕ್ರೀಟಿನ ಇನ್ನೊಂದು ಜಾಗದೊಂದಿಗೆ ಹೋಲಿಸುವುದರಲ್ಲಿ ಈ ಪರೀಕ್ಷೆಗೆ ಸಮನಾದುದು ವಿರಳ. ಆದರೆ ಅದರಿಂದ ನೇರವಾಗಿ ಸಾಮರ್ಥ್ಯದ ಅಂಕಿಯನ್ನು ಹೊರಡಿಸಲು ಹೋದಾಗ ಅದು ತನ್ನ ಶಕ್ತಿಯನ್ನು ಮೀರಿದ ಕೆಲಸಕ್ಕೆ ಇಳಿಯುತ್ತದೆ. ಮೊದಲ ಉಪಕರಣಗಳು ಹುಟ್ಟಿದ ಹಿನ್ನೆಲೆಯೂ ಇದನ್ನೇ ಹೇಳುತ್ತದೆ. 1940ರ ದಶಕದ ಉತ್ತರಾರ್ಧದಲ್ಲಿ ಕೆನಡಾ ಮತ್ತು ಬ್ರಿಟನ್‌ಗಳಲ್ಲಿ ಬಹುತೇಕ ಒಂದೇ ಕಾಲಕ್ಕೆ ಈ ತಂತ್ರ ರೂಪುಗೊಂಡಿತು. ಕೆನಡಾದಲ್ಲಿ ‘ಸೋನಿಸ್ಕೋಪ್’ ಎಂಬ ಉಪಕರಣವನ್ನು ಕಟ್ಟಿದವರ ಮುಂದಿದ್ದುದು ಭಾರಿ ಕಾಂಕ್ರೀಟ್ ರಚನೆಗಳಲ್ಲಿನ ಬಿರುಕು ಮತ್ತು ಶಿಥಿಲತೆಯ ಪ್ರಶ್ನೆ.

ಪರೀಕ್ಷೆ ನಿಜವಾಗಿ ಅಳೆಯುವುದು ಏನನ್ನು?

ಮೇಲ್ಮೈಗೆ ಒತ್ತಿ ಹಿಡಿದ ಒಂದು ಪ್ರೋಬ್ (ಸಂವೇದಕ) ಕಾಂಕ್ರೀಟಿನೊಳಗೆ ಕಂಪನದ ಒಂದು ಕಿರು ಸ್ಪಂದವನ್ನು ಕಳುಹಿಸುತ್ತದೆ, ಇನ್ನೊಂದು ಪ್ರೋಬ್ ಅದನ್ನು ಹಿಡಿಯುತ್ತದೆ, ಉಪಕರಣವು ನಡುವಿನ ಕಾಲವನ್ನು ಮೈಕ್ರೊಸೆಕೆಂಡುಗಳಲ್ಲಿ ತೋರಿಸುತ್ತದೆ. ಎರಡು ಪ್ರೋಬ್‌ಗಳ ನಡುವಿನ ದೂರವನ್ನು ಆ ಕಾಲದಿಂದ ಭಾಗಿಸಿದರೆ ವೇಗ ಸಿಗುತ್ತದೆ. ಮೊದಲು ಬಂದು ತಲುಪುವುದು ಅನುದೈರ್ಘ್ಯ ತರಂಗ, ಅಂದರೆ ತಾನು ಸಾಗುವ ದಿಕ್ಕಿನಲ್ಲೇ ಕಣಗಳನ್ನು ಕಂಪಿಸುವ ತರಂಗ. ಅದರ ವೇಗವನ್ನು ನಿರ್ಧರಿಸುವುದು ಕಾಂಕ್ರೀಟಿನ ಸ್ಥಿತಿಸ್ಥಾಪಕ ಗುಣಾಂಕ (ಬಿಗಿತದ ಅಳತೆ), ಸಾಂದ್ರತೆ ಮತ್ತು ಪಾಯ್ಸನ್ ಅನುಪಾತ (ಒತ್ತಿದಾಗ ಅಡ್ಡಕ್ಕೆ ಉಬ್ಬುವ ಪ್ರಮಾಣ) ಎಂಬ ಮೂರು ಸಂಗತಿಗಳು. ಈ ಮೂರರಲ್ಲಿ ಸಾಮರ್ಥ್ಯವು ಇಲ್ಲವೆಂಬುದನ್ನು ಗಮನಿಸಬೇಕು. ಗುಣಾಂಕ 36 ಗಿಗಾಪಾಸ್ಕಲ್, ಸಾಂದ್ರತೆ ಘನ ಮೀಟರಿಗೆ 2400 ಕಿಲೋಗ್ರಾಂ, ಪಾಯ್ಸನ್ ಅನುಪಾತ 0.2 ಎಂದಿಟ್ಟುಕೊಂಡರೆ ವೇಗವು ಸೆಕೆಂಡಿಗೆ ಸುಮಾರು 4.1 ಕಿ.ಮೀ. ಆಗುತ್ತದೆ. ಸದೃಢ ಕಾಂಕ್ರೀಟಿನಲ್ಲಿ ಸಾಮಾನ್ಯವಾಗಿ ಕಾಣುವ ಮೌಲ್ಯವೂ ಇದರ ಆಸುಪಾಸಿನದೇ.

ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ. ಅಷ್ಟೇ ಅಲ್ಲ, ಕಾಂಕ್ರೀಟಿನಿಂದ ಗಾಳಿಗೆ ಸ್ಪಂದದ ಶಕ್ತಿ ದಾಟುವುದು ಅತ್ಯಲ್ಪ. ಆದ್ದರಿಂದ ದಾರಿಯಲ್ಲಿ ಟೊಳ್ಳು ಅಥವಾ ಬಿರುಕು ಎದುರಾದರೆ ಸ್ಪಂದವು ಅದರ ಅಂಚನ್ನು ಬಳಸಿಕೊಂಡು ಸುತ್ತುದಾರಿ ಹಿಡಿಯುತ್ತದೆ, ಕಾಲ ಹೆಚ್ಚುತ್ತದೆ, ಲೆಕ್ಕದ ವೇಗ ಇಳಿಯುತ್ತದೆ. ದೋಷ ಪತ್ತೆಯ ಮೂಲತತ್ತ್ವ ಇಷ್ಟೇ. ಇದರ ಮಿತಿಯೂ ಇದರಲ್ಲೇ ಇದೆ. 500 ಮಿ.ಮೀ. ದಪ್ಪದ ಗೋಡೆಯ ನಟ್ಟನಡುವೆ 100 ಮಿ.ಮೀ. ಅಗಲದ ಟೊಳ್ಳಿದೆ ಎಂದುಕೊಳ್ಳೋಣ. ಅದನ್ನು ಬಳಸಿ ಹೋಗುವ ದಾರಿ ಸುಮಾರು 510 ಮಿ.ಮೀ.; ವೇಗ ಸೆಕೆಂಡಿಗೆ 4 ಕಿ.ಮೀ. ಎಂದಿಟ್ಟುಕೊಂಡರೆ 125 ಮೈಕ್ರೊಸೆಕೆಂಡಿನ ಬದಲು 127.5 ಮೈಕ್ರೊಸೆಕೆಂಡ್, ವ್ಯತ್ಯಾಸ ಶೇ. 2. ಸದೃಢ ಕಾಂಕ್ರೀಟಿನಲ್ಲೂ ಇದೇ ಪರೀಕ್ಷೆಯನ್ನು ಮತ್ತೆ ಮಾಡಿದಾಗ ಶೇ. 2ರಷ್ಟು ಏರಿಳಿತ ಸಹಜವೆಂದು ಒಪ್ಪಲಾಗಿರುವುದರಿಂದ ಈ ಟೊಳ್ಳು ಕಾಲದ ಲೆಕ್ಕದಲ್ಲಿ ಕಾಣಿಸುವುದಿಲ್ಲ. ಅದೇ ಟೊಳ್ಳು 200 ಮಿ.ಮೀ. ಅಗಲವಾಗಿದ್ದರೆ ವ್ಯತ್ಯಾಸ ಶೇ. 8ರ ಹತ್ತಿರಕ್ಕೆ ಏರಿ ಸ್ಪಷ್ಟವಾಗಿ ಎದ್ದು ಕಾಣುತ್ತದೆ. ಒಂದು ಕಂಬವನ್ನು ಪರೀಕ್ಷಿಸಿ ‘ದೋಷವಿಲ್ಲ’ ಎಂದು ಬರೆಯುವಾಗ ‘ಇಷ್ಟಕ್ಕಿಂತ ದೊಡ್ಡ ದೋಷವಿಲ್ಲ’ ಎಂದು ಬರೆಯುವುದೇ ಪ್ರಾಮಾಣಿಕ.

ಪ್ರೋಬ್‌ಗಳನ್ನು ಇಡುವ ಮೂರು ಬಗೆಗಳು

ವಿಧಾನವನ್ನು ಆರಿಸಿದ ಮೇಲೂ ಅದರೊಳಗೆ ಇನ್ನೊಂದು ಆಯ್ಕೆ ಉಳಿದಿರುತ್ತದೆ. ಎದುರುಬದುರು ಮುಖಗಳ ಮೇಲೆ ಪ್ರೋಬ್‌ಗಳನ್ನಿಡುವುದು ನೇರ ಪ್ರಸರಣ. ಒಂದಕ್ಕೊಂದು ತಾಗಿದ, ಮೂಲೆ ಕೂಡುವ ಎರಡು ಮುಖಗಳ ಮೇಲೆ ಇಡುವುದು ಅರೆನೇರ ಪ್ರಸರಣ. ಒಂದೇ ಮುಖದ ಮೇಲೆ ಎರಡನ್ನೂ ಇಡುವುದು ಪರೋಕ್ಷ ಅಥವಾ ಮೇಲ್ಮೈ ಪ್ರಸರಣ.

ಎರಡು ಎದುರು ಮುಖಗಳು ಸಿಗುವಲ್ಲಿ ನೇರ ಪ್ರಸರಣವನ್ನು ಬಿಟ್ಟು ಬೇರೆಯದನ್ನು ಆರಿಸಲು ಕಾರಣವೇ ಇಲ್ಲ. ಪ್ರೋಬಿನಿಂದ ಹೊರಡುವ ಶಕ್ತಿಯ ಹೆಚ್ಚಿನ ಪಾಲು ಮುಖಕ್ಕೆ ಲಂಬವಾಗಿ ಹೊರಡುತ್ತದೆ, ದಾರಿಯ ಉದ್ದವನ್ನು ಖಚಿತವಾಗಿ ಅಳೆಯಬಹುದು, ಮತ್ತು ಸ್ಪಂದವು ಕಾಂಕ್ರೀಟಿನ ಇಡೀ ದಪ್ಪವನ್ನು ಹಾದು ಬರುತ್ತದೆ. ಕಂಬ, ತೊಲೆಯ ಪಕ್ಕಗಳು, ಸೇತುವೆಯ ಪಿಯರ್, ತಡೆಗೋಡೆಯಲ್ಲದ ಗೋಡೆ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಕಂಬವು ಗೋಡೆಯೊಳಗೆ ಅರ್ಧ ಹುದುಗಿದ್ದಾಗ ಅಥವಾ ನೇರ ದಾರಿಯ ಉದ್ದಕ್ಕೂ ಕಂಬಿಗಳು ದಟ್ಟವಾಗಿದ್ದಾಗ ಅರೆನೇರ ಬಗೆ ಒಳ್ಳೆಯ ಬದಲಿ. ಪ್ರೋಬ್‌ಗಳ ಕೇಂದ್ರಗಳ ನಡುವಿನ ಓರೆ ದೂರವನ್ನೇ ದಾರಿ ಎಂದು ತೆಗೆದುಕೊಂಡರೆ ಸಾಕಷ್ಟು ನಂಬಬಹುದಾದ ಫಲಿತಾಂಶ ಸಿಗುತ್ತದೆ.

ಪರೋಕ್ಷ ಬಗೆಯ ವಿಷಯದಲ್ಲಿ ಎಚ್ಚರ ಬೇಕು. ಅಲ್ಲಿ ಹಿಡಿಯುವ ಸಂಕೇತದ ಪ್ರಬಲತೆ ನೇರ ಪ್ರಸರಣದ ಶೇ. 2ರಿಂದ 3ರಷ್ಟು ಮಾತ್ರ. ಸ್ಪಂದವು ಮೇಲ್ಪದರದ ಕಾಂಕ್ರೀಟಿನಲ್ಲೇ ಸಾಗುವುದರಿಂದ ಒಳಗಿನ ಸ್ಥಿತಿಯ ಬಗ್ಗೆ ಅದು ಹೆಚ್ಚೇನನ್ನೂ ಹೇಳದು. ಪ್ರೋಬಿಗೆ ತನ್ನದೇ ಅಗಲ ಇರುವುದರಿಂದ ದಾರಿ ಎಲ್ಲಿಂದ ಎಲ್ಲಿಯವರೆಗೆ ಎಂಬುದೂ ಅಸ್ಪಷ್ಟ. ಹೀಗಾಗಿ ಒಂದೇ ದೂರದಲ್ಲಿ ಅಳೆದು ವೇಗ ಹೇಳುವುದು ಸರಿಯಲ್ಲ. ಒಂದು ಪ್ರೋಬನ್ನು ನಿಲ್ಲಿಸಿ, ಇನ್ನೊಂದನ್ನು ಸಮಾನ ಅಂತರದಲ್ಲಿ ದೂರ ಸರಿಸುತ್ತ ಹೋಗಿ, ದೂರ ಮತ್ತು ಕಾಲದ ನಕ್ಷೆ ಎಳೆದು, ಗೆರೆಯ ಇಳಿಜಾರಿನಿಂದ ವೇಗವನ್ನು ಪಡೆಯಬೇಕು. ಹಾಗೆ ಪಡೆದ ವೇಗವೂ ಅದೇ ಕಾಂಕ್ರೀಟಿನ ನೇರ ವೇಗಕ್ಕಿಂತ ಶೇ. 5ರಿಂದ 20ರಷ್ಟು ಕಡಿಮೆ ಬರುವುದುಂಟು. ನೇರ ಪ್ರಸರಣಕ್ಕೆಂದು ರೂಪಿಸಿದ ಗುಣಮಟ್ಟದ ಕೋಷ್ಟಕಕ್ಕೆ ಪರೋಕ್ಷ ಮೌಲ್ಯವನ್ನು ಹಾಗೆಯೇ ಇಟ್ಟು ನೋಡುವುದು ವರದಿಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು. ಅದರಿಂದ ಒಳ್ಳೆಯ ಚಪ್ಪಡಿಯೂ ‘ಸಂಶಯಾಸ್ಪದ’ದ ಸಾಲಿಗೆ ಸೇರಿಬಿಡುತ್ತದೆ. ನೇರ ಮತ್ತು ಪರೋಕ್ಷ ಎರಡೂ ಸಾಧ್ಯವಿರುವ ಒಂದೆರಡು ಜಾಗಗಳಲ್ಲಿ ಎರಡನ್ನೂ ಅಳೆದು, ಆ ಕಾಂಕ್ರೀಟಿಗೆ ಅವುಗಳ ಅನುಪಾತವನ್ನು ಗೊತ್ತುಮಾಡಿಕೊಂಡು ಮುಂದುವರಿಯುವುದೇ ಕ್ಷೇಮ.

ಪರೋಕ್ಷ ಬಗೆ ನಿಜಕ್ಕೂ ಬೆಲೆ ಬಾಳುವುದು ಮೇಲ್ಪದರವೇ ಪ್ರಶ್ನೆಯಾಗಿರುವಾಗ. ಬೆಂಕಿಗೆ ಸಿಕ್ಕ ಚಪ್ಪಡಿ, ಹಿಮದ ಹೊಡೆತಕ್ಕೆ ಅಥವಾ ರಾಸಾಯನಿಕಕ್ಕೆ ಸಿಕ್ಕ ಮೇಲ್ಮೈ ಇವುಗಳಲ್ಲಿ ಹೊರಪದರದ ವೇಗ ಕಡಿಮೆಯಾಗಿ ಒಳಗಿನದು ಮೊದಲಿನಂತೆಯೇ ಉಳಿದಿರುತ್ತದೆ. ಪ್ರೋಬ್‌ಗಳು ಹತ್ತಿರವಿದ್ದಾಗ ಸ್ಪಂದವು ಹಾಳಾದ ಪದರದಲ್ಲೇ ಸಾಗುತ್ತದೆ. ದೂರವಾದಾಗ ಒಳಗಿನ ಗಟ್ಟಿ ಕಾಂಕ್ರೀಟಿಗೆ ಇಳಿದು, ಅಲ್ಲಿ ವೇಗವಾಗಿ ಸಾಗಿ, ಮೇಲೆ ಬಂದರೂ ಮೊದಲೇ ತಲುಪುತ್ತದೆ. ಆದ್ದರಿಂದ ನಕ್ಷೆಯ ಗೆರೆ ಒಂದು ದೂರದಲ್ಲಿ ಬಾಗುತ್ತದೆ. ಹೊರಪದರದ ವೇಗ 2.5, ಒಳಗಿನದು 4.0, ಗೆರೆ ಬಾಗಿದ್ದು 400 ಮಿ.ಮೀ. ದೂರದಲ್ಲಿ ಎಂದಾದರೆ, ವೇಗಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿ, ವರ್ಗಮೂಲ ತೆಗೆದು, ಆ ದೂರದ ಅರ್ಧದಿಂದ ಗುಣಿಸಿದಾಗ ಹಾಳಾದ ಪದರದ ದಪ್ಪ ಸುಮಾರು 96 ಮಿ.ಮೀ. ಎಂದು ದೊರೆಯುತ್ತದೆ. ಹಾಳಾದ ಭಾಗವನ್ನು ಎಷ್ಟು ಆಳದವರೆಗೆ ಕೆತ್ತಿ ತೆಗೆಯಬೇಕೆಂದು ತೀರ್ಮಾನಿಸುವವರಿಗೆ ಬೇಕಾದ ಅಂಕಿ ಇದೇ.

ಆವೃತ್ತಿ, ದಾರಿಯ ಉದ್ದ, ಕಂಬಿ, ತೇವ

ಲೋಹಗಳ ಪರೀಕ್ಷೆಯಲ್ಲಿ ಮೆಗಾಹರ್ಟ್ಸ್ ಆವೃತ್ತಿಗಳು ಸಾಮಾನ್ಯ. ಕಾಂಕ್ರೀಟಿನಲ್ಲಿ ಅವು ನಡೆಯುವುದಿಲ್ಲ, ಏಕೆಂದರೆ ತರಂಗದೂರವು ಜಲ್ಲಿಯ ಗಾತ್ರಕ್ಕೆ ಇಳಿದ ಕೂಡಲೇ ಪ್ರತಿ ಜಲ್ಲಿಕಲ್ಲೂ ಸ್ಪಂದವನ್ನು ಚದುರಿಸಿಬಿಡುತ್ತದೆ. ಹೆಚ್ಚು ಬಳಕೆಯಲ್ಲಿರುವುದು 54 ಕಿಲೋಹರ್ಟ್ಸ್ ಪ್ರೋಬ್. ಸೆಕೆಂಡಿಗೆ 4 ಕಿ.ಮೀ. ವೇಗದಲ್ಲಿ ಅದರ ತರಂಗದೂರ 74 ಮಿ.ಮೀ. ಚಿಕ್ಕ ದಾರಿಗೆ, ನುಣುಪಾದ ಗಾರೆಗೆ 150 ಕಿಲೋಹರ್ಟ್ಸ್ ಒಪ್ಪುತ್ತದೆ; ಹಲವು ಮೀಟರ್ ದಪ್ಪದ ಭಾರಿ ಕಾಂಕ್ರೀಟಿಗೆ, ದೊಡ್ಡ ಜಲ್ಲಿಗೆ 24 ಕಿಲೋಹರ್ಟ್ಸ್‌ನಂಥ ಕೆಳಗಿನ ಆವೃತ್ತಿ ಬೇಕು. ಆವೃತ್ತಿ ಏರಿದಷ್ಟೂ ಸೂಕ್ಷ್ಮತೆ ಹೆಚ್ಚುತ್ತದೆ, ತಲುಪುವ ದೂರ ಕುಗ್ಗುತ್ತದೆ. ಸಂದೇಹವಿದ್ದರೆ 54ರಲ್ಲೇ ಉಳಿಯಬಹುದು.

ದಾರಿ ತೀರ ಚಿಕ್ಕದಾಗಿಯೂ ಇರಬಾರದು. ಜಲ್ಲಿಯ ಗರಿಷ್ಠ ಗಾತ್ರ 20 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆಯಾಗಿದ್ದರೆ ಕನಿಷ್ಠ 100 ಮಿ.ಮೀ., 20ರಿಂದ 40 ಮಿ.ಮೀ. ಆಗಿದ್ದರೆ ಕನಿಷ್ಠ 150 ಮಿ.ಮೀ. ದಾರಿ ಇರಬೇಕೆಂಬುದು ಸಾಮಾನ್ಯ ನಿಯಮ.

ಉಕ್ಕಿನಲ್ಲಿ ಸ್ಪಂದದ ವೇಗ ಸೆಕೆಂಡಿಗೆ 5.9 ಕಿ.ಮೀ.ವರೆಗೂ ಇರುತ್ತದೆ. ದಾರಿಗೆ ಅಡ್ಡಲಾಗಿ ಬರುವ ಕಂಬಿಗಳಿಂದ ತೊಂದರೆ ಕಡಿಮೆ. ದಾರಿಗೆ ಸಮಾನಾಂತರವಾಗಿ, ಹತ್ತಿರದಲ್ಲಿ ಓಡುವ ದಪ್ಪ ಕಂಬಿಯಂತೂ ಸ್ಪಂದವನ್ನು ತನ್ನ ಮೂಲಕ ಬೇಗ ಸಾಗಿಸಿ, ಕಳಪೆ ಕಾಂಕ್ರೀಟನ್ನೂ ಉತ್ತಮವೆಂದು ತೋರಿಸಬಲ್ಲದು. ತಿದ್ದುಪಡಿಯ ಸೂತ್ರಗಳು ಸಂಹಿತೆಗಳಲ್ಲಿವೆ. ಆದರೆ ಕಾಂಕ್ರೀಟಿನೊಳಗಿನ ಉಕ್ಕನ್ನು ಪತ್ತೆಹಚ್ಚುವ ಕವರ್ ಮೀಟರಿನಿಂದ ಕಂಬಿಗಳ ಸ್ಥಾನವನ್ನು ಮೊದಲೇ ಗುರುತಿಸಿ ಅವುಗಳಿಂದ ದೂರವಿರುವ ದಾರಿಯನ್ನು ಆರಿಸುವುದು, ಆಮೇಲೆ ಸೂತ್ರ ಹಿಡಿದು ತಿದ್ದುವುದಕ್ಕಿಂತ ಎಷ್ಟೋ ಮೇಲು.

ತೇವವೂ ಸುಳ್ಳು ಹೇಳಿಸುತ್ತದೆ. ನೀರು ತುಂಬಿದ ರಂಧ್ರಗಳು ಗಾಳಿ ತುಂಬಿದ ರಂಧ್ರಗಳಿಗಿಂತ ಸ್ಪಂದವನ್ನು ಚೆನ್ನಾಗಿ ದಾಟಿಸುವುದರಿಂದ, ಪೂರ್ತಿ ನೆನೆದ ಕಾಂಕ್ರೀಟಿನ ವೇಗ ಒಣಗಿದ ಅದೇ ಕಾಂಕ್ರೀಟಿಗಿಂತ ಶೇ. 5ರವರೆಗೆ ಹೆಚ್ಚಿರಬಹುದು, ಆದರೆ ಒತ್ತುಯಂತ್ರದಲ್ಲಿ ಒಡೆದಾಗ ನೆನೆದ ತುಂಡಿನ ಸಾಮರ್ಥ್ಯ ಕಡಿಮೆಯೇ ಬರುತ್ತದೆ. ಉಷ್ಣತೆ 10ರಿಂದ 30 ಡಿಗ್ರಿ ಸೆಲ್ಸಿಯಸ್ ನಡುವೆ ಇರುವಷ್ಟು ಕಾಲ ಅದನ್ನು ಮರೆಯಬಹುದು.

ಇವೆಲ್ಲಕ್ಕಿಂತ ಹೆಚ್ಚಾಗಿ ಫಲಿತಾಂಶವನ್ನು ಕೆಡಿಸುವುದು ಪ್ರೋಬ್ ಮತ್ತು ಮೇಲ್ಮೈ ನಡುವಿನ ಸಂಪರ್ಕ. ಗ್ರೀಸ್, ಪೆಟ್ರೋಲಿಯಂ ಜೆಲ್ಲಿ ಅಥವಾ ಮೆತ್ತನೆಯ ಸಾಬೂನಿನ ತೆಳುವಾದ ಲೇಪವಿಲ್ಲದೆ, ಒರಟು ಮೇಲ್ಮೈಯನ್ನು ಉಜ್ಜಿ ಸಮ ಮಾಡದೆ ಇಟ್ಟ ಪ್ರೋಬಿಗೆ ದುರ್ಬಲ ಸಂಕೇತವಷ್ಟೇ ಸಿಗುತ್ತದೆ. ಆಗ ಉಪಕರಣವು ಮೊದಲ ಅಲೆಯನ್ನು ಗುರುತಿಸಲಾರದೆ ಮುಂದಿನ ಅಲೆಯನ್ನು ಮೊದಲನೆಯದೆಂದು ಎಣಿಸಬಹುದು. 54 ಕಿಲೋಹರ್ಟ್ಸ್‌ನಲ್ಲಿ ಒಂದು ಪೂರ್ಣ ಅಲೆಯ ಕಾಲ 18.5 ಮೈಕ್ರೊಸೆಕೆಂಡ್. 300 ಮಿ.ಮೀ. ದಾರಿಯಲ್ಲಿ 75 ಮೈಕ್ರೊಸೆಕೆಂಡ್ ಬರಬೇಕಾದಲ್ಲಿ 93.5 ಬಂದರೆ ವೇಗ 4.0ರಿಂದ 3.2ಕ್ಕೆ ಕುಸಿಯುತ್ತದೆ, ಕಾಂಕ್ರೀಟಿನಲ್ಲಿ ಏನೂ ಬದಲಾಗಿರುವುದಿಲ್ಲ. ಆದ್ದರಿಂದ ಉಪಕರಣ ಕೊಳ್ಳುವಾಗ ಅಥವಾ ಬಾಡಿಗೆಗೆ ತರುವಾಗ ಅಂಕಿಯನ್ನಷ್ಟೇ ತೋರಿಸುವುದಕ್ಕಿಂತ ತರಂಗದ ಆಕಾರವನ್ನೂ ಪರದೆಯ ಮೇಲೆ ತೋರಿಸುವುದನ್ನು ಆರಿಸಬೇಕೆಂಬುದು ನನ್ನ ಸಲಹೆ. ಪ್ರತಿ ಬಾರಿ ಕೆಲಸ ಆರಂಭಿಸುವ ಮುನ್ನ ಜೊತೆಗೆ ಬರುವ, ಸಾಗುವ ಕಾಲ ಮೊದಲೇ ಗೊತ್ತಿರುವ ಉಲ್ಲೇಖ ದಂಡದ ಮೇಲೆ ಕಾಲವನ್ನು ಸರಿಹೊಂದಿಸಿಕೊಳ್ಳಬೇಕೆಂಬುದನ್ನು ಬೇರೆಯಾಗಿ ಹೇಳಬೇಕಿಲ್ಲ.

ಸಾಮರ್ಥ್ಯ ಬೇಕಾದಾಗ: ಪಲ್ಸ್, ರಿಬೌಂಡ್ ಹ್ಯಾಮರ್, ಕೋರ್

ಕಟ್ಟಡದ ಮಾಲೀಕರು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆಯನ್ನು: ಈ ಕಾಂಕ್ರೀಟಿನ ಸಾಮರ್ಥ್ಯ ಎಷ್ಟು? ಪಲ್ಸ್ ವೇಗದಿಂದ ಇದಕ್ಕೆ ಉತ್ತರಿಸುವುದು ಏಕೆ ಕಷ್ಟ ಎಂಬುದನ್ನು ಒಂದು ಸರಳ ಲೆಕ್ಕ ತೋರಿಸುತ್ತದೆ. ಸ್ಥಿತಿಸ್ಥಾಪಕ ಗುಣಾಂಕವು ಸ್ಥೂಲವಾಗಿ ಸಾಮರ್ಥ್ಯದ ವರ್ಗಮೂಲಕ್ಕೆ ಅನುಗುಣವಾಗಿ ಏರುತ್ತದೆ. ವೇಗವು ಗುಣಾಂಕದ ವರ್ಗಮೂಲಕ್ಕೆ ಅನುಗುಣವಾಗಿ ಏರುತ್ತದೆ. ಎರಡನ್ನೂ ಸೇರಿಸಿದರೆ ವೇಗವು ಸಾಮರ್ಥ್ಯದ ನಾಲ್ಕನೆಯ ಮೂಲದಂತೆ ಬದಲಾಗುತ್ತದೆ. ಅಂದರೆ ಸಾಮರ್ಥ್ಯ 20ರಿಂದ 40 ಮೆಗಾಪಾಸ್ಕಲ್‌ಗೆ ದ್ವಿಗುಣಗೊಂಡರೂ ವೇಗ ಏರುವುದು ಶೇ. 19ರಷ್ಟು ಮಾತ್ರ. ಈ ಲೆಕ್ಕವನ್ನು ತಿರುಗಿಸಿ ನೋಡಿದಾಗ ಅಪಾಯ ಗೋಚರಿಸುತ್ತದೆ: ವೇಗದಲ್ಲಿ ಶೇ. 2ರ ತಪ್ಪು ಸಾಮರ್ಥ್ಯದಲ್ಲಿ ಶೇ. 8ರ ತಪ್ಪಾಗುತ್ತದೆ, ತೇವದಿಂದ ಬರುವ ಶೇ. 5ರ ಏರಿಕೆಯು ಶೇ. 20ನ್ನು ಮೀರಿದ ಹುಸಿ ಸಾಮರ್ಥ್ಯವಾಗುತ್ತದೆ. ಜಲ್ಲಿಯ ಬಗೆ ಮತ್ತು ಪ್ರಮಾಣ ಬದಲಾದರೆ ಸಾಮರ್ಥ್ಯ ಒಂದೇ ಇದ್ದರೂ ವೇಗ ಬೇರೆಯಾಗುತ್ತದೆ. ಹೆಚ್ಚಿನ ಸಾಮರ್ಥ್ಯದ ಕಾಂಕ್ರೀಟಿನಲ್ಲಿ ಈ ಸಂಬಂಧ ಇನ್ನಷ್ಟು ಚಪ್ಪಟೆಯಾಗಿ, ಒಂದಕ್ಕೂ ಮತ್ತೊಂದಕ್ಕೂ ಭೇದವೇ ತಿಳಿಯದಂತಾಗುತ್ತದೆ. ಎಲ್ಲ ಕಾಂಕ್ರೀಟಿಗೂ ಒಪ್ಪುವ ಒಂದೇ ವಕ್ರರೇಖೆ ಇದೆಯೆಂದು ಹೇಳುವ ಯಾವುದೇ ಕೈಪಿಡಿಯನ್ನು ಸಂದೇಹದಿಂದಲೇ ನೋಡಬೇಕು.

ಸಂಹಿತೆಗಳ ಕೋಷ್ಟಕಗಳು ಇದನ್ನು ಅರಿತೇ ಸಾಮರ್ಥ್ಯದ ಬದಲು ಗುಣಮಟ್ಟವನ್ನು ಹೇಳುತ್ತವೆ. ಭಾರತೀಯ ಮಾನಕವಾದ 1992ರ ಐಎಸ್ 13311ರ ಮೊದಲ ಭಾಗದಲ್ಲಿ ಸೆಕೆಂಡಿಗೆ 4.5 ಕಿ.ಮೀ. ಮೀರಿದ್ದು ಅತ್ಯುತ್ತಮ, 3.5ರಿಂದ 4.5 ಉತ್ತಮ, 3.0ರಿಂದ 3.5 ಮಧ್ಯಮ, 3.0ಕ್ಕಿಂತ ಕೆಳಗಿನದು ಸಂಶಯಾಸ್ಪದ ಎಂಬ ವಿಂಗಡಣೆ ಇತ್ತು. ಈಗ ಆ ಸಂಹಿತೆಯ ಜಾಗದಲ್ಲಿ ಐಎಸ್ 516ರ ಐದನೆಯ ಭಾಗವಿದೆ. ಹಳೆಯ ಕೋಷ್ಟಕವನ್ನು ಅಭ್ಯಾಸಬಲದಿಂದ ಬಳಸುವವರು ಇದನ್ನು ಗಮನಿಸಬೇಕು. ಪರೀಕ್ಷೆ ನಡೆಸುವ ಕ್ರಮವನ್ನು ಅಮೆರಿಕದ ಎಎಸ್‌ಟಿಎಂ ಸಿ 597 ಮತ್ತು ಯುರೋಪಿನ ಇಎನ್ 12504-4 ವಿವರಿಸುತ್ತವೆ.

ರಿಬೌಂಡ್ ಹ್ಯಾಮರ್ ಅಗ್ಗ, ಹಗುರ, ಒಂದೇ ಮುಖ ಸಾಕು, ಗಂಟೆಯೊಳಗೆ ಹತ್ತಾರು ಜಾಗಗಳನ್ನು ನೋಡಬಹುದು. ಸ್ವಿಟ್ಜರ್ಲೆಂಡಿನ ಅರ್ನ್ಸ್ಟ್ ಸ್ಮಿಟ್ 1940ರ ದಶಕದ ಕೊನೆಯಲ್ಲಿ ರೂಪಿಸಿದ ಈ ಸಾಧನವು ಸ್ಪ್ರಿಂಗಿನ ಬಲದಿಂದ ಒಂದು ತೂಕವನ್ನು ಬಡಿದು, ಅದು ಎಷ್ಟು ಹಿಂದಕ್ಕೆ ಪುಟಿಯಿತು ಎಂಬುದನ್ನು ಅಳೆಯುತ್ತದೆ. ಅದು ನೋಡುವುದು ಮೇಲಿನ ಕೆಲವು ಸೆಂಟಿಮೀಟರುಗಳ ಗಡಸುತನವನ್ನು ಮಾತ್ರ. ಹಳೆಯ ಕಾಂಕ್ರೀಟಿನ ಮೇಲ್ಪದರ ಇಂಗಾಲದ ಡೈಆಕ್ಸೈಡಿನೊಂದಿಗೆ ವರ್ತಿಸಿ ಗಡಸಾದಾಗ ಪುಟಿತದ ಅಂಕಿ ಏರುತ್ತದೆ, ಒಳಗೆ ಅಂಥ ಬದಲಾವಣೆ ಇರುವುದಿಲ್ಲ. ಒಳಗಿನ ಟೊಳ್ಳಿನ ಬಗ್ಗೆ ಅದು ಏನನ್ನೂ ಹೇಳಲಾರದು. ಹೀಗಾಗಿ ಹೊಸ ಕಟ್ಟಡದಲ್ಲಿ ಒಂದು ಮಹಡಿಯ ಕಾಂಕ್ರೀಟು ಇನ್ನೊಂದರಷ್ಟೇ ಇದೆಯೇ ಎಂದು ಬೇಗ ನೋಡಲು ಹ್ಯಾಮರ್ ಸಾಕು. ಹಳೆಯ ಕಟ್ಟಡಕ್ಕೆ ಅದೊಂದನ್ನೇ ನೆಚ್ಚುವುದನ್ನು ನಾನು ಒಪ್ಪುವುದಿಲ್ಲ.

ಎರಡನ್ನೂ ಒಟ್ಟಿಗೆ ಬಳಸುವ ಪದ್ಧತಿಗೆ ‘ಸಾನ್‌ರೆಬ್’ ಎಂಬ ಹೆಸರಿದೆ. ತೇವವು ಪಲ್ಸ್ ವೇಗವನ್ನು ಏರಿಸಿ ಪುಟಿತವನ್ನು ಇಳಿಸುವುದರಿಂದ, ಎರಡೂ ಅಂಕಿಗಳನ್ನು ಸೇರಿಸಿ ಸಾಮರ್ಥ್ಯವನ್ನು ಅಂದಾಜಿಸಿದರೆ ತೇವದ ಪ್ರಭಾವ ಭಾಗಶಃ ಕಳೆದುಹೋಗುತ್ತದೆ. ಆದರೆ ಇಂಗಾಲದ ಡೈಆಕ್ಸೈಡಿನಿಂದ ಮೇಲ್ಪದರ ಗಡಸಾಗುವ ಕಾರ್ಬನೀಕರಣದ ಪ್ರಭಾವ ಹೀಗೆ ಕಳೆದುಹೋಗುವುದಿಲ್ಲ, ಆ ರಚನೆಯಿಂದಲೇ ಕೊರೆದು ತೆಗೆದ ಸಿಲಿಂಡರ್ ಆಕಾರದ ತುಂಡುಗಳಾದ ಕೋರ್‌ಗಳಿಂದ ಸಮೀಕರಣವನ್ನು ಸರಿಹೊಂದಿಸದಿದ್ದರೆ ಎರಡು ಉಪಕರಣಗಳ ತಪ್ಪುಗಳು ಕೂಡಿ ಒಂದು ಅಂಕಿಯಾಗುತ್ತವೆ, ಅಷ್ಟೆ.

ಸಾಮರ್ಥ್ಯದ ಬಗ್ಗೆ ಕೊನೆಯ ಮಾತು ಕೋರ್‌ನದೇ. ಅದು ರಚನೆಗೆ ರಂಧ್ರ ಕೊರೆಯುತ್ತದೆ, ದುಬಾರಿ, ನಿಧಾನ, ಕಂಬಿ ಕತ್ತರಿಸುವ ಭಯವಿದೆ, ಕೆಲವೇ ಜಾಗಗಳಲ್ಲಿ ಸಾಧ್ಯ. ಆದರೂ ಕಾಂಕ್ರೀಟನ್ನು ನಿಜವಾಗಿ ಒಡೆದು ನೋಡುವ ಪರೀಕ್ಷೆ ಅದೊಂದೇ. ಪಲ್ಸ್ ಮತ್ತು ಕೋರ್ ನಡುವೆ ಒಂದನ್ನು ಆರಿಸಬೇಕೆಂದು ನೋಡುವುದೇ ಸರಿಯಲ್ಲವೆಂದು ನನಗನಿಸುತ್ತದೆ. ಇಡೀ ರಚನೆಯನ್ನು ಜಾಲದಂತೆ ಗುರುತು ಮಾಡಿ ಪಲ್ಸ್ ವೇಗ ಅಳೆದು, ವೇಗದ ನಕ್ಷೆ ಮಾಡಿ, ಅತಿ ಕಡಿಮೆ, ಮಧ್ಯಮ ಮತ್ತು ಅತಿ ಹೆಚ್ಚು ವೇಗವಿರುವ ಜಾಗಗಳಿಂದ ಕೋರ್ ತೆಗೆದರೆ, ಕಡಿಮೆ ಕೋರ್‌ಗಳಿಂದಲೇ ಆ ಕಾಂಕ್ರೀಟಿಗೆ ಸ್ವಂತ ಸಂಬಂಧರೇಖೆ ಸಿಗುತ್ತದೆ. ಯುರೋಪಿನ ಇಎನ್ 13791 ಸಂಹಿತೆ ಕೋರ್ ಮತ್ತು ಪರೋಕ್ಷ ಪರೀಕ್ಷೆಗಳನ್ನು ಜೋಡಿಸುವ ಇಂಥ ದಾರಿಗೆ ಅವಕಾಶ ಕೊಡುತ್ತದೆ. ಕೋರ್‌ಗಳನ್ನು ಸುಲಭವಾಗಿ ಸಿಗುವ ಜಾಗದಿಂದ ತೆಗೆದು, ಪಲ್ಸ್ ಪರೀಕ್ಷೆಯನ್ನು ಬೇರೆ ಜಾಗದಲ್ಲಿ ಮಾಡಿದರೆ ಎರಡರ ಖರ್ಚೂ ವ್ಯರ್ಥ.

ಅಚ್ಚು ಬಿಚ್ಚುವ ಮುನ್ನ ಎಳೆಯ ಕಾಂಕ್ರೀಟಿನ ಸಾಮರ್ಥ್ಯ ತಿಳಿಯಬೇಕಾದಾಗ ಮಾತ್ರ ಲೆಕ್ಕ ಬೇರೆ. ಆಗ ಕಾಂಕ್ರೀಟಿನಲ್ಲಿ ಹುದುಗಿಸಿದ ಲೋಹದ ತುಂಡನ್ನು ಎಳೆದು ಕೀಳುವ ಬಲವನ್ನು ಅಳೆಯುವ ಪುಲ್-ಔಟ್ ಪರೀಕ್ಷೆ ಅಥವಾ ಉಷ್ಣತೆಯ ದಾಖಲೆಯನ್ನು ಆಧರಿಸಿದ ಮೆಚ್ಯುರಿಟಿ ವಿಧಾನ ಹೆಚ್ಚು ನೇರವಾದುವು.

ಒಂದೇ ಮುಖ ಸಿಕ್ಕಾಗ

ನೆಲದ ಮೇಲಿನ ಚಪ್ಪಡಿ, ಸುರಂಗದ ಒಳಗೋಡೆ, ಮಣ್ಣು ಒತ್ತಿ ನಿಂತ ತಡೆಗೋಡೆ ಇವುಗಳ ಹಿಂಬದಿ ಸಿಗುವುದಿಲ್ಲ. ಇಲ್ಲಿ ನೇರ ಪಲ್ಸ್ ವೇಗಕ್ಕೆ ಜಾಗವಿಲ್ಲ. ಆಯ್ಕೆ ಇರುವುದು ಇಂಪ್ಯಾಕ್ಟ್-ಎಕೋ, ಪಲ್ಸ್-ಎಕೋ ಮತ್ತು ರೇಡಾರ್ ನಡುವೆ.

ಇಂಪ್ಯಾಕ್ಟ್-ಎಕೋ ವಿಧಾನವನ್ನು 1980ರ ದಶಕದಲ್ಲಿ ಅಮೆರಿಕದಲ್ಲಿ ಮೇರಿ ಸಾನ್ಸಲೋನ್ ಮತ್ತು ನಿಕೋಲಸ್ ಕರಿನೊ ಬೆಳೆಸಿದರು. ಚಿಕ್ಕ ಉಕ್ಕಿನ ಗುಂಡಿನಿಂದ ಮೇಲ್ಮೈಯನ್ನು ತಟ್ಟಿದಾಗ ಹುಟ್ಟುವ ತರಂಗವು ಹಿಂಬದಿಯ ಮುಖ ಅಥವಾ ಒಳಗಿನ ಬಿರುಕಿನಿಂದ ಮರಳಿ, ಮತ್ತೆ ಮತ್ತೆ ಓಡಾಡಿ, ಒಂದು ನಿಶ್ಚಿತ ಆವೃತ್ತಿಯನ್ನು ಮೂಡಿಸುತ್ತದೆ. 200 ಮಿ.ಮೀ. ಚಪ್ಪಡಿಯಲ್ಲಿ ವೇಗ 4 ಕಿ.ಮೀ. ಇದ್ದರೆ ಅದು ಸುಮಾರು 9.6 ಕಿಲೋಹರ್ಟ್ಸ್. ಅದರ ಬದಲು 32 ಕಿಲೋಹರ್ಟ್ಸ್ ಕಂಡರೆ 60 ಮಿ.ಮೀ. ಆಳದಲ್ಲೇ ಪದರ ಬಿಟ್ಟಿದೆ ಎಂದರ್ಥ. ಅಷ್ಟು ಎತ್ತರದ ಆವೃತ್ತಿಯನ್ನು ಎಬ್ಬಿಸಲು 5 ಮಿ.ಮೀ.ನಷ್ಟು ಚಿಕ್ಕ ಗುಂಡು ಬೇಕಾಗುತ್ತದೆ. ಚಪ್ಪಡಿಯಂಥ ಅಗಲವಾದ, ಸಮ ದಪ್ಪದ ಭಾಗಗಳಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ತೊಲೆ, ಕಂಬಗಳಲ್ಲಿ ಪಕ್ಕದ ಮುಖಗಳಿಂದಲೂ ಪ್ರತಿಫಲನ ಬಂದು ಚಿತ್ರ ಗೋಜಲಾಗುತ್ತದೆ. ದೋಷದ ಅಗಲವು ಅದು ಇರುವ ಆಳದ ಮೂರನೆಯ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ ಪತ್ತೆಯಾಗುವುದು ಕಷ್ಟ.

ಪಲ್ಸ್-ಎಕೋ ಉಪಕರಣಗಳು ಶಿಯರ್ ತರಂಗಗಳನ್ನು, ಅಂದರೆ ಸಾಗುವ ದಿಕ್ಕಿಗೆ ಅಡ್ಡಲಾಗಿ ಕಂಪಿಸುವ ತರಂಗಗಳನ್ನು, ಬಳಸುತ್ತವೆ. ಸ್ಪ್ರಿಂಗಿನ ಮೇಲೆ ಕುಳಿತ ಚೂಪಾದ ತುದಿಗಳಿರುವುದರಿಂದ ಗ್ರೀಸ್ ಬೇಕಿಲ್ಲ, ಒರಟು ಮೇಲ್ಮೈಯೂ ಅಡ್ಡಿಯಾಗುವುದಿಲ್ಲ. ಇಂಥ ಹಲವು ತುದಿಗಳ ಸಾಲು ಒಂದರಿಂದ ಇನ್ನೊಂದಕ್ಕೆ ಸ್ಪಂದ ಕಳುಹಿಸಿ ಸಂಗ್ರಹಿಸಿದ ಮಾಹಿತಿಯನ್ನು ಗಣಕ ಒಟ್ಟುಗೂಡಿಸಿ, ಒಳಗಿನ ಅಡ್ಡಕೊಯ್ತದ ಚಿತ್ರವನ್ನೇ ಕೊಡುತ್ತದೆ. ಹಿಂಬದಿಯ ಗೆರೆ ಎಲ್ಲಿ ಮಾಯವಾಗುತ್ತದೋ ಅದರ ಮೇಲೆ ಏನೋ ಅಡ್ಡ ನಿಂತಿದೆಯೆಂದು ತಿಳಿಯುವುದು ಇದರ ಓದಿನ ಮೊದಲ ಪಾಠ. ಒಂದು ಮುಖದಿಂದ ಹನಿಕೋಂಬ್ (ಗಾರೆ ತುಂಬದೆ ಜಲ್ಲಿಯ ನಡುವೆ ಉಳಿದ ಜೇನುಗೂಡಿನಂಥ ಸಂದುಗಳು), ಟೊಳ್ಳು, ದಪ್ಪ ಇವುಗಳನ್ನು ತಿಳಿಯಲು ನಾನು ಮೊದಲು ಸೂಚಿಸುವುದು ಇದನ್ನೇ. ಬೆಲೆ ಮತ್ತು ಚಿತ್ರವನ್ನು ಓದಬಲ್ಲವರ ಕೊರತೆ ಇದರ ತೊಡಕು.

ರೇಡಾರ್ ಬಳಸುವುದು ವಿದ್ಯುತ್ಕಾಂತೀಯ ತರಂಗವನ್ನು, ಆದ್ದರಿಂದ ಅದು ನೋಡುವ ಲೋಕವೇ ಬೇರೆ. ಕಂಬಿ ಮತ್ತು ಲೋಹದ ಕೊಳವೆ ಅದಕ್ಕೆ ಹೊಳೆಯುವಂತೆ ಕಾಣುತ್ತವೆ, ಬಹಳ ಬೇಗ ದೊಡ್ಡ ಪ್ರದೇಶವನ್ನು ಮುಗಿಸುತ್ತದೆ. ಆದರೆ ಲೋಹದ ಹಿಂದೇನಿದೆ ಎಂಬುದು ಅದಕ್ಕೆ ಕಾಣುವುದಿಲ್ಲ, ಹಸಿ ಕಾಂಕ್ರೀಟಿನಲ್ಲಿ ಅದರ ತರಂಗ ಬೇಗ ಕುಂದುತ್ತದೆ, ಕೂದಲೆಳೆಯ ಬಿರುಕುಗಳು ತಪ್ಪಿಹೋಗುತ್ತವೆ. ಪ್ರಿಸ್ಟ್ರೆಸ್ ಕೇಬಲಿನ (ಕಾಂಕ್ರೀಟನ್ನು ಒತ್ತಿಹಿಡಿಯಲು ಬಿಗಿದ ಉಕ್ಕಿನ ಹಗ್ಗದ) ಲೋಹದ ಕೊಳವೆ ಎಲ್ಲಿದೆ ಎಂಬ ಪ್ರಶ್ನೆಗೆ ರೇಡಾರ್, ಅದರೊಳಗೆ ಗ್ರೌಟ್ (ಸಿಮೆಂಟಿನ ತಿಳಿ ಗಾರೆ) ತುಂಬಿದೆಯೇ ಎಂಬ ಪ್ರಶ್ನೆಗೆ ಪಲ್ಸ್-ಎಕೋ ಅಥವಾ ಇಂಪ್ಯಾಕ್ಟ್-ಎಕೋ ಎಂದು ಹಂಚಿಕೊಂಡರೆ ಸರಿಹೋಗುತ್ತದೆ.

ಬಿರುಕಿನ ಆಳ

ಮೇಲ್ಮೈಗೆ ತೆರೆದುಕೊಂಡ ಬಿರುಕು ಎಷ್ಟು ಆಳವಿದೆ ಎಂಬುದಕ್ಕೆ ಸಾಮಾನ್ಯ ಪಲ್ಸ್ ಉಪಕರಣವೇ ಸಾಕು. ಬಿರುಕಿನ ಎರಡೂ ಪಕ್ಕಗಳಲ್ಲಿ 150 ಮಿ.ಮೀ. ದೂರದಲ್ಲಿ ಪ್ರೋಬ್‌ಗಳನ್ನಿಟ್ಟು ಕಾಲ ಅಳೆದು, ಬಿರುಕಿಲ್ಲದ ಕಡೆ ಅದೇ 300 ಮಿ.ಮೀ. ಅಂತರದ ಕಾಲದೊಂದಿಗೆ ಹೋಲಿಸಬೇಕು. ಬಿರುಕಿಲ್ಲದಲ್ಲಿ 75, ಬಿರುಕಿರುವಲ್ಲಿ 110 ಮೈಕ್ರೊಸೆಕೆಂಡ್ ಬಂದರೆ, ಎರಡರ ಅನುಪಾತದ ವರ್ಗದಿಂದ ಒಂದನ್ನು ಕಳೆದು, ವರ್ಗಮೂಲ ತೆಗೆದು, 150ರಿಂದ ಗುಣಿಸಿದಾಗ ಆಳ ಸುಮಾರು 161 ಮಿ.ಮೀ. ಎಂದಾಗುತ್ತದೆ. ಬಿರುಕು ಮೇಲ್ಮೈಗೆ ಲಂಬವಾಗಿರಬೇಕು, ಒಣಗಿರಬೇಕು, ಅದರೊಳಗೆ ನೀರು ಅಥವಾ ಮಣ್ಣು ತುಂಬಿರಬಾರದು, ಅದನ್ನು ದಾಟುವ ಕಂಬಿ ಹತ್ತಿರದಲ್ಲಿರಬಾರದು ಎಂಬ ಷರತ್ತುಗಳಿವೆ. ನೀರು, ಮಣ್ಣು ಅಥವಾ ಕಂಬಿ ಇದ್ದರೆ ಸ್ಪಂದಕ್ಕೆ ಅಡ್ಡದಾರಿ ಸಿಕ್ಕಿ ಬಿರುಕು ನಿಜಕ್ಕಿಂತ ಕಡಿಮೆ ಆಳದ್ದಾಗಿ ತೋರುತ್ತದೆ. ಮಳೆಗಾಲದಲ್ಲಿ ಮಾಡಿದ ಇಂಥ ಅಳತೆಯನ್ನು ಒಣಗಿದ ಮೇಲೆ ಮತ್ತೊಮ್ಮೆ ಮಾಡಿಸುವುದು ಒಳ್ಳೆಯದು. ಆಳದ ಅಂಕಿ ರಚನೆಯ ಸುರಕ್ಷತೆಯನ್ನೇ ತೀರ್ಮಾನಿಸುವಂತಿದ್ದರೆ ಬಿರುಕಿನ ಮೇಲೆಯೇ ಒಂದು ಕೋರ್ ತೆಗೆಯುವುದಕ್ಕೆ ಹಿಂಜರಿಯಬಾರದು.

ನೆಲದೊಳಗಿನ ಪೈಲ್

ಕಟ್ಟಡದ ಭಾರವನ್ನು ಆಳದ ನೆಲಕ್ಕೆ ದಾಟಿಸುವ ಅಡಿಪಾಯದ ಕಂಬಗಳಾದ ಪೈಲ್‌ಗಳ ವಿಷಯದಲ್ಲಿ ಆಯ್ಕೆಯನ್ನು ಕಾಂಕ್ರೀಟ್ ಸುರಿಯುವ ಮೊದಲೇ ಮಾಡಬೇಕು. ಕಂಬಿಯ ಪಂಜರಕ್ಕೆ ಕೊಳವೆಗಳನ್ನು ಕಟ್ಟಿ ಸುರಿದಿದ್ದರೆ, ಅವುಗಳಲ್ಲಿ ನೀರು ತುಂಬಿ, ಒಂದರಲ್ಲಿ ಕಳುಹಿಸುವ ಪ್ರೋಬನ್ನೂ ಇನ್ನೊಂದರಲ್ಲಿ ಹಿಡಿಯುವ ಪ್ರೋಬನ್ನೂ ಒಟ್ಟಿಗೆ ಮೇಲೆತ್ತುತ್ತ, ಇಡೀ ಉದ್ದಕ್ಕೂ ನೇರ ಪ್ರಸರಣದ ಅಳತೆ ಪಡೆಯಬಹುದು. ಕ್ರಾಸ್‌ಹೋಲ್ ಸಾನಿಕ್ ಲಾಗಿಂಗ್ ಎಂಬ ಈ ವಿಧಾನ ಎಎಸ್‌ಟಿಎಂ ಡಿ 6760ರಲ್ಲಿದೆ. ದೋಷ ಯಾವ ಆಳದಲ್ಲಿದೆ, ಯಾವ ಕೊಳವೆಗಳ ನಡುವೆ ಇದೆ ಎಂಬುದನ್ನು ಅದು ಹೇಳುತ್ತದೆ; ಪಂಜರದ ಹೊರಗಿನ ಕವರ್ ಭಾಗ ಮಾತ್ರ ಅದರ ಕಣ್ಣಿಗೆ ಬೀಳುವುದಿಲ್ಲ. ದೊಡ್ಡ ವ್ಯಾಸದ, ಹೆಚ್ಚು ಭಾರ ಹೊರುವ ಪೈಲ್‌ಗೆ ಇದನ್ನೇ ಆರಿಸಬೇಕು. ಕೊಳವೆ ಇಡದೆ ಸುರಿದಾಗಿದ್ದರೆ ಉಳಿಯುವುದು ತಲೆಯ ಮೇಲೆ ಚಿಕ್ಕ ಸುತ್ತಿಗೆಯಿಂದ ತಟ್ಟಿ ಪ್ರತಿಧ್ವನಿ ಕೇಳುವ ಲೋ-ಸ್ಟ್ರೇನ್ ಪರೀಕ್ಷೆ. ಅದು ಅಗ್ಗ, ಒಂದೇ ದಿನದಲ್ಲಿ ಹಲವಾರು ಪೈಲ್‌ಗಳನ್ನು ಮುಗಿಸಬಹುದು. ಆದರೆ ಉದ್ದವು ವ್ಯಾಸದ 30 ಪಟ್ಟನ್ನು ಮೀರಿದಾಗ ತಳದ ಪ್ರತಿಫಲನ ಮಸುಕಾಗುತ್ತದೆ, ಮತ್ತು ಮೇಲಿರುವ ದೊಡ್ಡ ದೋಷದ ಕೆಳಗೆ ಏನಿದೆ ಎಂಬುದು ಅಡಗಿಯೇ ಉಳಿಯುತ್ತದೆ. ಅಂಥ ಪೈಲ್ ಬಗ್ಗೆ ಸಂದೇಹ ಬಂದರೆ ಅದರ ಉದ್ದಕ್ಕೂ ಕೋರ್ ಕೊರೆಯುವುದು, ಇಲ್ಲವೇ ಭಾರ ಹೇರಿ ನೋಡುವುದು ಎಂಬ ಎರಡೇ ದಾರಿಗಳಿರುತ್ತವೆ. ಎರಡರ ಖರ್ಚೂ ಆರಂಭದಲ್ಲಿ ಕೊಳವೆ ಇಡುವ ಖರ್ಚಿಗಿಂತ ಬಹಳ ಹೆಚ್ಚು.